ಕೊನೆಯ ಪುಟ ನೋಡದೆ

ಸಮರ್‌ಸೆಟ್, ನ್ಯೂಜೆರ್ಸಿ
16 ಜೂನ್ 2024

ಗಗನಾ,

ನಿನ್ನ ಮಿಲಿಟರಿ ವಿಳಾಸ ನಿನ್ನೆ ಕೈಸೇರಿತು. ಕಂಪನಿ, ಬೆಟಾಲಿಯನ್, ರೆಜಿಮೆಂಟ್, ಪ್ಲಟೂನ್ ಎಲ್ಲ ಮುಗಿದ ಮೇಲೆ ಎಲ್ಲೋ ಕೊನೆಯಲ್ಲಿ ಊರಿನ ಹೆಸರು. ಇಂಥ ವಿಳಾಸಗಳನ್ನು ನಾನು ನಲವತ್ತು ವರ್ಷದಿಂದ ಓದುತ್ತಿದ್ದೇನೆ. ಕೈಯಾರೆ ಒಂದನ್ನು ಲಕೋಟೆಯ ಮೇಲೆ ಬರೆದದ್ದು ಇದೇ ಮೊದಲು. ಅಕ್ಷರ ಸೊಟ್ಟಗಾಗಿದೆ, ಅಂಚೆಯವರು ಹೇಗೋ ಓದಿಕೊಳ್ಳುತ್ತಾರೆ.

ನೀನಿರುವ ಊರಿನ ಬಗ್ಗೆ ನಿನಗೆ ತಿಳಿದಿರಬೇಕು. ಸೌತ್ ಕ್ಯಾರೊಲಿನಾ ಎಂದರೆ ಅಂತರ್ಯುದ್ಧದ ಮೊದಲ ಗುಂಡು ಹಾರಿದ ರಾಜ್ಯ. ನಿನ್ನ ಕ್ಯಾಂಪಿನ ಪಕ್ಕದ ಕೊಲಂಬಿಯಾ, 1865ರ ಫೆಬ್ರವರಿಯಲ್ಲಿ ಉತ್ತರದ ಸೈನ್ಯ ಒಳಗೆ ಕಾಲಿಟ್ಟ ಹೊತ್ತಿಗೆ ಹತ್ತಿ ಉರಿಯಿತು. ಬೆಂಕಿ ಹಚ್ಚಿದವರು ಯಾರು ಎಂದು ಇವತ್ತಿಗೂ ಜಗಳ. ಕುಡಿದ ಸಿಪಾಯಿಗಳು ಎನ್ನುತ್ತಾರೆ ಒಬ್ಬರು, ಊರು ಬಿಟ್ಟು ಓಡುವವರೇ ಹತ್ತಿಯ ಮೂಟೆಗಳಿಗೆ ಕಡ್ಡಿ ಗೀರಿದರು ಎನ್ನುತ್ತಾರೆ ಇನ್ನೊಬ್ಬರು, ಎಲ್ಲ ಗಾಳಿಯ ತಪ್ಪು ಎನ್ನುವವರೂ ಇದ್ದಾರೆ. ಅಂತರ್ಯುದ್ಧದ ಇತಿಹಾಸದ ಹುಚ್ಚಿನವರ ನಮ್ಮ ರೌಂಡ್ ಟೇಬಲ್ಲಿನ ಸಭೆಯಲ್ಲಿ ಈ ಮಾತೆತ್ತಿದರೆ ಕಾಫಿ ಆರಿದರೂ ಮುಗಿಯುವುದಿಲ್ಲ. ಅದೇ ಮುದುಕರ ಗುಂಪು, ನಾನು ಮೊದಲ ಸಲ ಹೋದಾಗ ಪ್ರೊಜೆಕ್ಟರ್ ರಿಪೇರಿಗೆ ಬಂದವನು ಅಂದುಕೊಂಡು ಮೂಲೆ ತೋರಿಸಿದರಲ್ಲ, ಅವರೇ. ಹೋದ ತಿಂಗಳು ನನ್ನನ್ನು ಖಜಾಂಚಿ ಮಾಡಿದ್ದಾರೆ.

ಇದರ ಜೊತೆ ಬೇರೆ ಡಬ್ಬವೊಂದು ಬರುತ್ತದೆ. ನಿನ್ನಮ್ಮ ಕೋಡುಬಳೆ, ರವೆ ಉಂಡೆ ಮಾಡಿದ್ದಾಳೆ. ಟ್ರೇನಿಂಗಿನಲ್ಲಿ ಇಂಥದ್ದನ್ನೆಲ್ಲ ಬಿಡುತ್ತಾರೋ ಇಲ್ಲವೋ ಎಂದು ಅವಳಿಗೆ ಅನುಮಾನ. ನಾನೇ ಧೈರ್ಯ ಹೇಳಿದೆ. ಆ ಕಾಲದ ಸೈನಿಕರಿಗೆ ಮನೆಯಿಂದ ಬೆಣ್ಣೆ, ಉಪ್ಪಿನಕಾಯಿ, ಕಾಲುಚೀಲ, ಇಡಿಯ ಬೇಯಿಸಿದ ಕೋಳಿ ಕೂಡ ಹೋಗುತ್ತಿತ್ತು. ಪಕ್ಕದವರಿಗೂ ಕೊಟ್ಟು ತಿನ್ನು.

ಇಲ್ಲಿ ಮಳೆಯಿಲ್ಲ, ಹಿತ್ತಲ ಹುಲ್ಲು ಒಣಗಿದೆ. ನೀರು ಚೆನ್ನಾಗಿ ಕುಡಿ.

ಇತಿ,
ಸಿ. ಎನ್. ಶಿವಪ್ರಕಾಶ್


ಫೋರ್ಟ್ ಜಾಕ್ಸನ್, ಸೌತ್ ಕ್ಯಾರೊಲಿನಾ
30 ಜೂನ್ 2024

ಅಪ್ಪ,

ಡಬ್ಬ ಬಂತು. ಡ್ರಿಲ್ ಸಾರ್ಜೆಂಟ್ ಎಲ್ಲರ ಎದುರು ನನ್ನ ಕೈಯಿಂದಲೇ ಬಿಚ್ಚಿಸಿದರು. ಒಂದು ಕೋಡುಬಳೆ ಎತ್ತಿ ಬೆಳಕಿಗೆ ಹಿಡಿದು ಇದೇನು ಅಂದರು. ಸ್ನ್ಯಾಕ್ ಅಂದೆ. ಎಷ್ಟು ಜನಕ್ಕೆ ತರಿಸಿದ್ದೀಯ ಅಂದರು. ಎಲ್ಲರಿಗೂ ಅಂದುಕೊಳ್ಳೋಣ ಅಂತ ತಾವೇ ಹೇಳಿ ಇಡೀ ಪ್ಲಟೂನಿಗೆ ಪುಷ್‌ಅಪ್ ಕೊಟ್ಟರು. ಡಬ್ಬ ಕಸಕ್ಕೆ ಹೋಯಿತು. ಪಕ್ಕದವರಿಗೆ ನೀವು ಹೇಳಿದ ಹಾಗೆ ಪಾಲು ಸಿಕ್ಕಿತು, ಆದರೆ ಪುಷ್‌ಅಪ್‌ನಲ್ಲಿ. ರವೆ ಉಂಡೆಗಳು ಬುಟ್ಟಿಯಲ್ಲಿ ಬಿದ್ದ ಸದ್ದು ಕೇಳಿ ಅಳು ಬಂತು. ಅಮ್ಮನಿಗೆ ಹೇಳಬೇಡಿ. ಎಲ್ಲರೂ ತಿಂದರಂತೆ ಅನ್ನಿ.

ಅಪ್ಪ, ಇದು 1862 ಅಲ್ಲ.

ಪಕ್ಕದ ಬಂಕಿನವಳು ಅಲಬಾಮಾದ ಹುಡುಗಿ. ಅವಳ ಮುತ್ತಾತನ ಅಪ್ಪನೋ ಅಜ್ಜನೋ ದಕ್ಷಿಣದ ಸೈನ್ಯದಲ್ಲಿದ್ದನಂತೆ. ಯಾವ ರೆಜಿಮೆಂಟ್ ಅಂತ ನೀವು ಕೇಳುತ್ತೀರಿ ಅಂತ ನಾನೇ ಕೇಳಿದೆ. ಅವಳಿಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಅವಳಿಗೆ ನಿದ್ದೆ ಬೇಕು. ನನಗೂ ಅಷ್ಟೇ. ಅವಳು ನನ್ನ ಕಾಗದದಲ್ಲಿ ಇಣುಕುತ್ತಾಳೆ, ಅದಕ್ಕೇ ಕನ್ನಡ. ಊರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದು, ಇಲ್ಲಿಗೆ ಬಂದ ಮೇಲೆ ನೀವು ಊಟದ ಮೇಜಿನ ಮೇಲೆ ಬೈದು ಬರೆಸಿದ್ದು, ಈಗ ಉಪಯೋಗಕ್ಕೆ ಬಂತು.

ಮೊನ್ನೆ ಐದು ನಿಮಿಷ ಫೋನ್ ಸಿಕ್ಕಿದಾಗ ನೀವೇ ಎತ್ತಿದಿರಿ. "ಹಾಂ, ಇರು, ಅಮ್ಮಂಗೆ ಕೊಡ್ತೀನಿ" ಅಂದಿರಿ. ಅಷ್ಟೇ ನಮ್ಮ ಮಾತು. ಪತ್ರವನ್ನು ಹಾಗೆ ದಾಟಿಸಲು ಆಗುವುದಿಲ್ಲ ಅಂತ ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಕೊಲಂಬಿಯಾ ಸುಟ್ಟಿದ್ದು ಇತ್ತು, ಕೋಳಿ ಇತ್ತು, ನೀವು ಇರಲಿಲ್ಲ. ಕೆಳಗೆ ಸಿ. ಎನ್. ಶಿವಪ್ರಕಾಶ್ ಅಂತ ಸೈನ್ ಮಾಡಿದ್ದೀರಿ. ನಾನೇನು ನಿಮ್ಮ ಆಫೀಸಿನ ಕಾಂಟ್ರ್ಯಾಕ್ಟರಾ?

ನಾನು ಹೊರಟ ಬೆಳಿಗ್ಗೆ ಅಮ್ಮ ಕಾರಿನ ಹಾರ್ನ್ ಹೊಡೆಯುತ್ತಲೇ ಇದ್ದಳು. ನೀವು ಬೇಸ್‌ಮೆಂಟಿನಲ್ಲಿ ಪುಸ್ತಕಗಳ ಹತ್ತಿರ ಇದ್ದಿರಿ. ಲೈಟ್ ಉರಿಯುತ್ತಿತ್ತು, ಹುಲ್ಲಿನ ಮಟ್ಟದ ಆ ಸಣ್ಣ ಕಿಟಕಿಯಲ್ಲಿ ನಿಮ್ಮ ಕಾಲು ಕಾಣುತ್ತಿತ್ತು. ಮೇಲೆ ಬರಲಿಲ್ಲ. ಏನು ಹುಡುಕುತ್ತಿದ್ದಿರಿ ಅಪ್ಪ?

ನಿಮ್ಮ ಮಗಳು
ಗಗನಾ


ಸಮರ್‌ಸೆಟ್
8 ಜುಲೈ 2024

ಗಗನಾ,

ಡಬ್ಬದ ವಿಷಯ ತಿಳಿಯಿತು. ಅಮ್ಮನಿಗೆ ನೀನು ಹೇಳಿದಂತೆಯೇ ಹೇಳಿದ್ದೇನೆ. ಅವಳು ನಂಬಿದಂತೆ ಕಂಡಿತು.

ವಾರದ ದಿನಗಳಲ್ಲಿ ನೀನಿರುತ್ತಿದ್ದ ಹೋಬೋಕನ್ ರೂಮಿನ ಲೀಸ್ ಈ ತಿಂಗಳಿಗೆ ಮುಗಿಯಿತಲ್ಲ, ಸಾಮಾನು ತರಲು ನಾನೇ ಹೋದೆ. ಅಲ್ಲಿ ಪಾರ್ಕಿಂಗ್ ಸಿಗುವುದು ನಮ್ಮ ಪುಣ್ಯದಲ್ಲಿಲ್ಲ, ಎರಡು ಸೂಟ್‌ಕೇಸ್ ಹಿಡಿದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ರೈಲು ಹತ್ತಿದೆ. ಸಿಕಾಕಸ್‌ನಲ್ಲಿ ಬದಲಿಸುವಾಗ ಒಂದು ಸೂಟ್‌ಕೇಸಿನ ಚಕ್ರ ಕಳಚಿತು. ನಿನ್ನ ಜೊತೆಗಿದ್ದ ಹುಡುಗಿ ಬಾಗಿಲು ತೆರೆದು "ಅಂಕಲ್, ಕಾಫಿ?" ಎಂದಳು. ಒಳ್ಳೆಯ ಹುಡುಗಿ, ಕಾಫಿ ಮಾತ್ರ ಕಲಗಚ್ಚು. ನಿನ್ನ ಬಟ್ಟೆ, ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿನ ಪುಸ್ತಕ, ಓಡುವ ಬೂಟು ಎಲ್ಲ ತುಂಬಿಕೊಂಡೆ. ದಿಂಬು ಹಿಡಿಸಲಿಲ್ಲ. ಅದನ್ನು ಕಂಕುಳಲ್ಲಿಟ್ಟುಕೊಂಡೇ ಬಂದೆ. ರೈಲಿನಲ್ಲಿ ಜನ ನೋಡಿದರು.

ಬರುವ ಮೊದಲು ಹೊಳೆಯ ದಡದ ಬೆಂಚಿನ ಮೇಲೆ ಸ್ವಲ್ಪ ಕೂತೆ. ಆಚೆಗೆ ಮ್ಯಾನ್‌ಹಟನ್, ಈಚೆಗೆ ಫೆರಿ ಇಳಿದು ಓಡುವ ನಿನ್ನ ವಯಸ್ಸಿನವರು. 1861ರಲ್ಲಿ ಉತ್ತರದ ಎಷ್ಟೋ ರೆಜಿಮೆಂಟುಗಳು ಹಡ್ಸನ್ ಹೊಳೆಯನ್ನು ಫೆರಿಯಲ್ಲೇ ದಾಟಿ, ಪಕ್ಕದ ಜೆರ್ಸಿ ಸಿಟಿಯಲ್ಲಿ ರೈಲು ಹಿಡಿದು ದಕ್ಷಿಣಕ್ಕೆ ಹೋದವು. ದಡದಲ್ಲಿ ಜನ ಕಿಕ್ಕಿರಿದು ಕರವಸ್ತ್ರ ಬೀಸಿದರು ಎಂದು ಎಲ್ಲ ಪುಸ್ತಕದಲ್ಲೂ ಇದೆ. ಬೀಳ್ಕೊಡಲು ಬಾರದೆ ಮನೆಯಲ್ಲೇ ಉಳಿದವರ ಬಗ್ಗೆ ಯಾರೂ ಬರೆದಿಲ್ಲ. ಅಂಥವರೂ ಇದ್ದಿರಬೇಕು.

ಪ್ರತಿ ಜುಲೈಯಲ್ಲಿ ನಾವಿಬ್ಬರೂ ಹೋಗುತ್ತಿದ್ದ ಗೆಟಿಸ್‌ಬರ್ಗ್ ರಣರಂಗಕ್ಕೆ ಈ ಸಲ ಹೋಗಲಿಲ್ಲ. ಕಾರಿನ ಟೈರು ಸವೆದಿದೆ, ಬಿಸಿಲೂ ಹೆಚ್ಚು. ಒಬ್ಬನೇ ಅಷ್ಟು ದೂರ ಡ್ರೈವ್ ಮಾಡಿ ಯಾರಿಗೆ ಹೇಳಲಿ, ಈ ಗುಡ್ಡದ ಮೇಲೆ ಏನಾಯಿತು ಅಂತ?

ನಿನ್ನ ಪತ್ರ ಜೋಪಾನವಾಗಿದೆ.

ಅಪ್ಪ


ಸಮರ್‌ಸೆಟ್
15 ಜುಲೈ 2024

ಗಗ್ಗಿ,

ನಾನು ಕಾಗದ ಬರೆದು ಯಾವ ಕಾಲವಾಯಿತೋ. ಮದುವೆಯಾದ ಹೊಸದರಲ್ಲಿ ನಿಮ್ಮಪ್ಪನಿಗೆ ಬರೆದದ್ದೇ ಕೊನೆ. ಅವಕ್ಕೆ ಉತ್ತರವಾಗಿ ಯಾವುದೋ ನದಿ ದಾಟಿದ ಸೈನ್ಯದ ಕಥೆ ಬರುತ್ತಿತ್ತು. ಆಗಲೇ ಎಚ್ಚರವಾಗಬೇಕಿತ್ತು ನನಗೆ.

ರವೆ ಉಂಡೆ ಕಸಕ್ಕೆ ಹೋಗಿದ್ದು ಗೊತ್ತು. "ಎಲ್ರೂ ತಿಂದ್ರಂತೆ ಕಣೇ ರಾಜಿ" ಅಂತ ಗೋಡೆ ನೋಡಿಕೊಂಡು ಹೇಳಿದರು. ಗೋಡೆ ನೋಡಿಕೊಂಡು ಹೇಳುವುದೆಲ್ಲ ಸುಳ್ಳು. ಹೋಗಲಿ ಬಿಡು, ನೀನು ಬಂದಾಗ ಮತ್ತೆ ಮಾಡಿದರಾಯಿತು.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಿನ್ನೆ ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿದೆ. ನಿಮ್ಮಪ್ಪ ಮೇಜಿನ ಮುಂದೆ ಕೂತಿದ್ದಾರೆ, ಎರಡೂ ಕೈಗೆ ಬಿಳಿ ಬಟ್ಟೆಯ ಗ್ಲೌಸ್. ಆ ಹಳೇ ಸಿಪಾಯಿಗಳ ಕಾಗದ ಮುಟ್ಟುವಾಗ ಹಾಕಿಕೊಳ್ಳುತ್ತಾರಲ್ಲ, ಅದೇ. ಮುಂದೆ ನಿನ್ನ ಕಾಗದ, ಪ್ಲಾಸ್ಟಿಕ್ ಕವರಿನೊಳಗೆ. ಪಕ್ಕದಲ್ಲಿ ಅವರು ಪ್ರತಿ ಸಿಪಾಯಿಗೂ ಮಾಡಿಡುವ ಕಾರ್ಡು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ನಿನ್ನ ಹೆಸರು, ಕಂಪನಿ, ಕಾಗದ ಬಂದ ತಾರೀಖು. ಬಾಲ್‌ಪೆನ್, ಒಂದು ಮೂಲೆಯಲ್ಲಿ ಬೆವರಿನ ಕಲೆ ಅಂತ ಕೂಡ ಬರೆದಿದ್ದಾರೆ. ಜನನ ಅನ್ನುವ ಕಡೆ 2001. ಅದರ ಪಕ್ಕ ಮರಣ ಅಂತ ಅಚ್ಚಾಗಿದೆ, ಮುಂದೆ ಖಾಲಿ.

ನನ್ನ ಮೈ ಉರಿದುಹೋಯಿತು. "ಖಾಲಿ ಬಿಟ್ಟಿದ್ದೀರಲ್ಲ, ಯಾವಾಗ ತುಂಬ್ಕೋತೀರ?" ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ಕಾರ್ಡು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅರ್ಥವಾಯಿತು. "ಎಲ್ಲಾ ಕಾರ್ಡೂ ಹಾಗೇ ಪ್ರಿಂಟ್ ಆಗಿರತ್ತೆ ಕಣೇ" ಅಂತ ಏನೋ ತೊದಲಿದರು. ನಾನು ಕಾರ್ಡು ಹರಿದು ಹಾಕಿ ನಿನ್ನ ಕಾಗದ ಕಿತ್ತುಕೊಂಡು ಮೇಲೆ ಬಂದೆ. ಈಗ ಅದು ಅಡುಗೆಮನೆಯಲ್ಲಿ ಸಾರಿನಪುಡಿ ಡಬ್ಬದ ಮೇಲಿದೆ, ನಿನ್ನೆಯಿಂದ ನಾಲ್ಕು ಸಲ ಓದಿದೆ, ಮೂಲೆಗೆ ಅರಿಶಿನ ಮೆತ್ತಿದೆ. ಅವರು ರಾತ್ರಿ ಊಟ ಮಾಡಲಿಲ್ಲ.

ಅವರಿಗೆ ಪ್ರೀತಿ ಇಲ್ಲ ಅಂತ ತಿಳಿಯಬೇಡ. ಅವರಿಗೆ ಗೊತ್ತಿರುವ ಜೋಪಾನ ಅದೊಂದೇ. ನೀನು ಅವರಿಗೆ ಬರೆ. ನಾನು ಹೇಳಿದರೆ ಕೇಳುವ ಮನುಷ್ಯನಲ್ಲ.

ಅಮ್ಮ


ಫೋರ್ಟ್ ಜಾಕ್ಸನ್
21 ಜುಲೈ 2024

ಅಪ್ಪ,

ಅಮ್ಮ ಬರೆದಳು. ಎರಡು ದಿನ ನಿಮ್ಮ ಮೇಲೆ ಎಷ್ಟು ಕೋಪ ಇತ್ತು ಅಂದರೆ ಓಟದಲ್ಲಿ ನನ್ನ ಟೈಮ್ ಇಂಪ್ರೂವ್ ಆಯಿತು.

ನಾನು ಬದುಕಿದ್ದೇನೆ ಅಪ್ಪ. ಕಾಲಲ್ಲಿ ಬೊಬ್ಬೆ, ಕುತ್ತಿಗೆ ಸುಟ್ಟಿದೆ, ಕೂದಲು ಕಟ್ ಮಾಡಿಸಿದ್ದೇನೆ, ಹಸಿವು ಅಂದರೆ ಹಸಿವು. ನನ್ನ ಪತ್ರವನ್ನು ಮಡಚಿ ಶರ್ಟಿನ ಜೇಬಲ್ಲಿ ಇಟ್ಟುಕೊಳ್ಳಿ. ಆಫೀಸಿಗೆ ತಗೊಂಡು ಹೋಗಿ. ಕಾಫಿ ಚೆಲ್ಲಲಿ. ಕಳೆದುಹೋದರೆ ಹೇಳಿ, ಇನ್ನೊಂದು ಬರೆಯುತ್ತೇನೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಇಲ್ಲಿಗೆ ಬಂದದ್ದು ನಿಮ್ಮಿಂದಲೇ. ಆದರೆ ನೀವು ಹೆದರಿರುವ ಹಾಗೆ ಯುದ್ಧದ ಕಥೆಗೆ ಮರುಳಾಗಿ ಅಲ್ಲ. ಗೆಟಿಸ್‌ಬರ್ಗ್‌ನಲ್ಲಿ ನೀವು ಫಿರಂಗಿ ಎಲ್ಲೆಲ್ಲಿ ನಿಂತಿತ್ತು ಅಂತ ಕೈ ತೋರಿಸುವಾಗ ನಾನು ಆ ಹಳೇ ದನದ ಕೊಟ್ಟಿಗೆ ನೋಡುತ್ತಿದ್ದೆ. ಗಾಯವಾದವರನ್ನೆಲ್ಲ ಅಲ್ಲಿ ಮಲಗಿಸಿದ್ದರು ಅಂದಿರಿ. ಅವರಿಗೆಲ್ಲ ನೀರು ಕೊಡೋಕೆ ಎಷ್ಟು ಜನ ಇದ್ದರು ಅಂತ ಕೇಳಿದೆ. ಮನೆಗೆ ಬಂದು ಒಂದು ವಾರ ಹುಡುಕಿ ನಂಬರ್ ಹೇಳಿದಿರಿ. ನನಗೆ ನಂಬರ್ ಬೇಕಿರಲಿಲ್ಲ. ಇನ್ನೂ ಒಬ್ಬರು ಇದ್ದಿದ್ದರೆ ಅನ್ನಿಸಿತ್ತು. ಅದಕ್ಕೇ ಮೆಡಿಕ್ ಕೆಲಸ ಆರಿಸಿಕೊಂಡೆ. ಈ ಬೇಸಿಕ್ ಟ್ರೇನಿಂಗ್ ಮುಗಿದ ಮೇಲೆ ಅದನ್ನು ಕಲಿಯಲು ಟೆಕ್ಸಸ್‌ಗೆ ಕಳಿಸುತ್ತಾರೆ.

ಈಗ ಒಂದು ವಿಷಯ ಕೇಳುತ್ತೇನೆ. ಆಗಸ್ಟ್ 21 ಬುಧವಾರ ಫ್ಯಾಮಿಲಿ ಡೇ. ನಮ್ಮನ್ನೆಲ್ಲ ಬಯಲಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಕೈ ಅಲ್ಲಾಡಿಸುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಕಣ್ಣು ಕೂಡ ನೇರ ಮುಂದಕ್ಕೆ. ಮನೆಯವರು ಮೈದಾನಕ್ಕೆ ಬಂದು ತಮ್ಮವರನ್ನು ಹುಡುಕಿ ಭುಜ ಮುಟ್ಟಬೇಕು. ಮುಟ್ಟಿದ ಮೇಲೆ ಬಿಡುಗಡೆ, ಆ ಇಡೀ ದಿನ ಮನೆಯವರ ಜೊತೆ. ಯಾರೂ ಬಂದು ಮುಟ್ಟದಿದ್ದರೆ ಹಾಗೇ ನಿಂತಿರಬೇಕು. ಕೊನೆಗೆ ಯಾರದೋ ಅಮ್ಮ ಪಾಪ ಅಂತ ಬಂದು ಮುಟ್ಟುತ್ತಾರಂತೆ.

ನನಗೆ ಯಾರದೋ ಅಮ್ಮ ಬೇಡ. ನೀವು ಬನ್ನಿ ಅಪ್ಪ. ಬೇರೇನೂ ಕೇಳುವುದಿಲ್ಲ.

ಗಗನಾ


ಸಮರ್‌ಸೆಟ್
29 ಜುಲೈ 2024

ಮಗಳೇ,

ನಿನ್ನ ಪತ್ರ ಜೇಬಿನಲ್ಲಿದೆ. ಬಗ್ಗಿದಾಗ ಕರಕರ ಅನ್ನುತ್ತದೆ. ಇವತ್ತು ಆಫೀಸಿನ ಮೀಟಿಂಗಿನಲ್ಲಿ ರಸ್ತೆಯ ಚರಂಡಿಯ ಲೆಕ್ಕ ಒಪ್ಪಿಸುವಾಗ ಎರಡು ಸಲ ಮುಟ್ಟಿ ನೋಡಿಕೊಂಡೆ.

ನನ್ನ ಈ ಹುಚ್ಚು ಹೇಗೆ ಶುರುವಾಯಿತು ಎಂದು ನಿನಗೆ ಎಷ್ಟೋ ಸಲ ಹೇಳಿದ್ದೇನೆ, ಆದರೆ ಪೂರ್ತಿ ಹೇಳಿಲ್ಲ. ಚನ್ನರಾಯಪಟ್ಟಣದ ಲೈಬ್ರರಿಯಲ್ಲಿ ಯಾರೋ ದಾನ ಕೊಟ್ಟ ಇಂಗ್ಲಿಷ್ ಪುಸ್ತಕಗಳ ರಾಶಿಯಲ್ಲಿ ಈ ಅಂತರ್ಯುದ್ಧದ ಕಥೆಯೊಂದು ಸಿಕ್ಕಿತು. ಅಣ್ಣ ಒಂದು ಕಡೆಯ ಸೈನ್ಯದಲ್ಲಿ, ತಮ್ಮ ಇನ್ನೊಂದು ಕಡೆ. ಇಬ್ಬರೂ ತಾಯಿಗೆ ಕಾಗದ ಬರೆಯುತ್ತಾರೆ. ಎಂಟನೇ ಕ್ಲಾಸಿನ ಹುಡುಗ, ನಿಘಂಟು ಹಿಡಿದು ಒಂದೊಂದೇ ಸಾಲು ಓದಿದೆ. ಕೊನೆಗೆ ಬಂದರೆ ಪುಟಗಳೇ ಇಲ್ಲ, ಯಾವನೋ ಹರಿದುಕೊಂಡು ಹೋಗಿದ್ದ. ಅಣ್ಣ ಉಳಿದನೋ, ತಮ್ಮ ಉಳಿದನೋ, ಇಬ್ಬರೂ ಹೋದರೋ? ಬೋರಲಿಂಗಯ್ಯ ಮೇಷ್ಟ್ರನ್ನು ಕೇಳಿದೆ. "ಯಾವನೋ ಒಬ್ಬ ಉಳ್ಕೊಂಡಿರ್ತಾನೆ ಬಿಡ್ಲಾ, ಮೊದ್ಲು ನಿನ್ನ ಲೆಕ್ಕ ಮಾಡು" ಎಂದರು. ಎಷ್ಟೋ ದಿನ ನನಗೆ ಊಟ ಸೇರಲಿಲ್ಲ. ಆ ತಾಯಿಗಿಂತ ಹೆಚ್ಚು ನಾನೇ ಕಾದೆ ಅನ್ನಿಸುತ್ತದೆ.

ಅವತ್ತಿನಿಂದ ಯಾವ ಪುಸ್ತಕ ಹಿಡಿದರೂ ಮೊದಲು ಕೊನೆಯ ಪುಟ. ಸೈನಿಕರ ಪತ್ರಗಳ ಸಂಗ್ರಹವಾದರೆ ಹಿಂದಿನ ಹೆಸರುಗಳ ಪಟ್ಟಿ. ಇವನು ಮನೆಗೆ ಮರಳಿದ, ಇವನು ಜ್ವರದಲ್ಲಿ ಹೋದ, ಇವನು ಸೆರೆಯಲ್ಲಿ. ಅದು ಗೊತ್ತಾದ ಮೇಲೆ ಕಾಫಿ ಹಿಡಿದು ಕೂತು ನಿಧಾನವಾಗಿ ಓದುತ್ತೇನೆ. ‘ಅಮ್ಮಾ, ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇನೆ’ ಎಂದು ಹುಡುಗ ಬರೆದಿರುತ್ತಾನೆ. ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿರುತ್ತದೆ. ದುಃಖವಾಗುತ್ತದೆ, ಭಯವಾಗುವುದಿಲ್ಲ. ಇಷ್ಟು ವರ್ಷ ನಾನು ಇತಿಹಾಸ ಅಂದುಕೊಂಡು ಕೂಡಿಟ್ಟದ್ದು ಇದನ್ನೇ, ಭಯವಿಲ್ಲದ ದುಃಖವನ್ನು.

ನಿನ್ನ ಮೊದಲ ಪತ್ರ ಬಂದಾಗ ಅಭ್ಯಾಸಬಲದಿಂದ ಕಣ್ಣು ಕೊನೆಗೆ ಹೋಯಿತು. ‘ನಿಮ್ಮ ಮಗಳು ಗಗನಾ’ ಎಂದಿತ್ತು. ಕಾಗದ ತಿರುಗಿಸಿ ನೋಡಿದೆ. ಹಿಂದೆ ಏನೂ ಇರಲಿಲ್ಲ. ಗ್ಲೌಸ್, ಪ್ಲಾಸ್ಟಿಕ್, ಕಾರ್ಡು ಎಲ್ಲ ಆಮೇಲೆ ಬಂದವು. ನಿನ್ನಮ್ಮ ಹರಿದುಹಾಕಿದ್ದು ಒಳ್ಳೆಯದಾಯಿತು.

ನೀನು ಹೊರಟ ದಿನ ಏನು ಹುಡುಕುತ್ತಿದ್ದಿರಿ ಎಂದು ಕೇಳಿದ್ದೆ. ಏನೂ ಇಲ್ಲ ಮರಿ. ಒಂದು ಪುಸ್ತಕ ತೆಗೆಯುವುದು, ಇಡುವುದು. ಹಾರ್ನ್ ಕೇಳಿಸುತ್ತಿತ್ತು. ಮೇಲೆ ಬಂದರೆ ‘ಹೋಗಬೇಡ’ ಎಂದುಬಿಡುತ್ತೇನೆ ಎಂದು ಗೊತ್ತಿತ್ತು, ನೀನು ಆದರೂ ಹೋಗುತ್ತೀಯ ಎಂದೂ ಗೊತ್ತಿತ್ತು.

ನೀನಿಲ್ಲದೆ ಈ ಮನೆ ನನಗೆ ಹಿಡಿಸುತ್ತಿಲ್ಲ. ಸಾಯಂಕಾಲ ಕೆನಾಲ್ ದಾರಿಯಲ್ಲಿ ನಡೆಯುವಾಗ ಏನೋ ನೆನಪಾಗಿ ಪಕ್ಕಕ್ಕೆ ತಿರುಗಿ ಬಾಯಿ ತೆರೆಯುತ್ತೇನೆ. ನಿನ್ನ ನಗು, ‘ಅಪ್ಪಾ, ಫುಟ್‌ನೋಟ್ ಸಾಕು’ ಎನ್ನುವ ನಿನ್ನ ಗೊಣಗಾಟ, ಎಲ್ಲ ಬೇಕು.

ಬುಧವಾರ ಬರುತ್ತೇನೆ ಎಂದು ಬರೆಯಲು ಮೂರು ಸಲ ಕೂತೆ, ಕೈ ಓಡಲಿಲ್ಲ. ಸೈನ್ಯದ ಉಡುಪಿನ ಎಳೆಯ ಮುಖಗಳನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ, ಫೋಟೋಗಳಲ್ಲಿ. ಆ ಮುಖಗಳಲ್ಲಿ ಒಬ್ಬರೂ ಈಗ ಇಲ್ಲ. ಅದೇ ಸಾಲಿನಲ್ಲಿ ನಿನ್ನನ್ನು ನಿಲ್ಲಿಸಿ ನೋಡುವ ಶಕ್ತಿ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಸುಳ್ಳು ಮಾತು ಕೊಡಲಾರೆ.

ಅಪ್ಪ


ಫೋರ್ಟ್ ಜಾಕ್ಸನ್
7 ಆಗಸ್ಟ್ 2024

ಅಪ್ಪ,

ನಿಮ್ಮ ಪತ್ರ ಓದಿದೆ. ಬಾತ್‌ರೂಮಿನಲ್ಲಿ ಕೂತು ಇನ್ನೊಂದು ಸಲ ಓದಿದೆ. ಅಲಬಾಮಾದವಳು ಬ್ಯಾಡ್ ನ್ಯೂಸಾ ಅಂತ ಕೇಳಿದಳು. ಅಲ್ಲ, ನಮ್ಮಪ್ಪ ಪತ್ರ ಬರೆದಿದ್ದಾರೆ ಅಂದೆ.

ಕೊನೆಯ ಪುಟ ನನಗೂ ಗೊತ್ತಿಲ್ಲ ಅಪ್ಪ. ನನಗೂ ಭಯ ಇದೆ. ಹೇಳಿದರೆ ನೀವು ಇನ್ನೂ ಹೆದರುತ್ತೀರಿ ಅಂತ ಹೇಳಿರಲಿಲ್ಲ. ಈಗ ಇಬ್ಬರೂ ಹೇಳಿಯಾಯಿತು.

ನಾಳೆಯಿಂದ ಕಾಡಿನಲ್ಲಿ ಕೊನೆಯ ಎಕ್ಸರ್‌ಸೈಜ್, ಬರೆಯಲು ಆಗುವುದಿಲ್ಲ. 21ಕ್ಕೆ ಬಯಲಿನಲ್ಲಿ ಇರುತ್ತೇನೆ.

ಗಗನಾ


ಸಮರ್‌ಸೆಟ್
12 ಆಗಸ್ಟ್ 2024

ಗಗ್ಗಿ,

ಇದು ನಿನಗೆ ಸಮಯಕ್ಕೆ ತಲುಪಿದರೆ ಸಾಕು. ನನ್ನ ಟಿಕೆಟ್ ಬುಧವಾರ ರಾತ್ರಿಯ ಫ್ಲೈಟಿಗೆ ಮಾಡಿದ್ದೇನೆ. ಗುರುವಾರ ನಿಮ್ಮ ಟ್ರೇನಿಂಗ್ ಮುಗಿಸುವ ಪರೇಡಿಗೆ ಬರುತ್ತೇನೆ, ಬುಧವಾರ ಬೆಳಿಗ್ಗೆ ಬರುವುದಿಲ್ಲ. ಬೇಕೆಂದೇ ಹೀಗೆ ಮಾಡಿದ್ದೇನೆ. ನಾನು ಇದ್ದರೆ ನಿಮ್ಮಪ್ಪ ನನ್ನ ಬ್ಯಾಗು ಹಿಡಿದುಕೊಂಡು ಹಿಂದೆ ನಿಲ್ಲುತ್ತಾರೆ, ಫೋನನ್ನು ದಾಟಿಸಿದ ಹಾಗೆ ನಿನ್ನನ್ನೂ ನನಗೆ ದಾಟಿಸುತ್ತಾರೆ.

ಅವರಿಗೆ ಹೇಳಿದೆ. "ಬುಧವಾರ ನೀವು ಹೋಗ್ಲಿಲ್ಲ ಅಂದ್ರೆ ಮಗು ಬಿಸಿಲಲ್ಲಿ ನಿಂತಿರತ್ತೆ ಅಷ್ಟೇ, ನಾನಂತೂ ಇರಲ್ಲ." ಇವತ್ತು ಕಾರಿಗೆ ಹೊಸ ಟೈರು ಹಾಕಿಸಿಕೊಂಡು ಬಂದಿದ್ದಾರೆ. ಯಾಕೆ ಅಂತ ಕೇಳಿದರೆ ಹಳೇದು ಸವೆದಿತ್ತು ಅಂದರು, ಗೋಡೆ ನೋಡಿಕೊಂಡು.

ಅವರು ಬಾರದಿದ್ದರೆ ನನ್ನನ್ನು ಕ್ಷಮಿಸು ಮಗಳೇ. ಹೆತ್ತವಳಾಗಿ ಇಂಥ ಪಂದ್ಯ ಕಟ್ಟಬಾರದಿತ್ತು. ಮೊದಲು ಓಡಿ ಬಂದು ನಿನ್ನನ್ನು ಮುಟ್ಟಬೇಕು ಅಂತ ನನ್ನ ಕೈ ಎಷ್ಟು ತುಡಿಯುತ್ತಿದೆ ಅಂತ ನಿನಗೆ ಗೊತ್ತಿಲ್ಲ.

ಅಮ್ಮ


ಸಮರ್‌ಸೆಟ್
27 ಆಗಸ್ಟ್ 2024

ಮಗಳೇ,

ನೀನು ಟೆಕ್ಸಸ್ ತಲುಪಿ ಹಾಸಿಗೆ ಹಾಸಿಕೊಂಡಿರಬೇಕು. ನಾವು ನಿನ್ನೆ ಸಂಜೆ ಮನೆಗೆ ಬಂದೆವು. ನಿನ್ನಮ್ಮ ಬಾಗಿಲು ತೆಗೆದವಳೇ ನಿನ್ನ ರೂಮಿಗೆ ಹೋಗಿ ಕಿಟಕಿ ತೆರೆದಿಟ್ಟಳು. ನಾನೂ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಬುಧವಾರ ಇಡೀ ದಿನ ನೀನು ನನ್ನ ಜೊತೆಗಿದ್ದೆ. ಪಿಟ್ಜಾ ತಿಂದೆವು, ನೆರಳಿನಲ್ಲಿ ಕೂತೆವು, ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಬೆಳಿಗ್ಗೆ ಬಯಲಿನಲ್ಲಿ ಆದದ್ದರ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚಲಿಲ್ಲ. ನೀನು ನೇರ ಮುಂದೆ ನೋಡುತ್ತಿದ್ದವಳು, ನಿನಗೆ ಅರ್ಧವೇ ಕಂಡಿರಬೇಕು. ಉಳಿದರ್ಧ ಇಲ್ಲಿದೆ.

ಸೋಮವಾರವೇ ಕಾರು ತೆಗೆದಿದ್ದೆ. ವರ್ಜೀನಿಯಾ ದಾಟುವಾಗ ಹೈವೇಯ ಎರಡೂ ಕಡೆ ನನ್ನ ಪುಸ್ತಕಗಳ ಯುದ್ಧದ ಊರುಗಳ ಬೋರ್ಡುಗಳು, ಫ್ರೆಡರಿಕ್ಸ್‌ಬರ್ಗ್, ಸ್ಪಾಟ್‌ಸಿಲ್ವೇನಿಯಾ, ಪೀಟರ್ಸ್‌ಬರ್ಗ್. ಒಂದು ಕಡೆಯೂ ಇಳಿಯಲಿಲ್ಲ. ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೆಟ್ಟಿಲಿನ ಮೇಲೆ ಕೂತೆ. ಸ್ಪೀಕರಿನಲ್ಲಿ ಕಿವಿ ಕಿತ್ತುಹೋಗುವ ಸಂಗೀತ. ಎದುರಿನ ಮರಗಳ ಸಾಲಿನಿಂದ ಬಣ್ಣದ ಹೊಗೆ ಎದ್ದಿತು, ಆ ಹೊಗೆಯೊಳಗಿಂದ ನೀವೆಲ್ಲ ಓಡಿ ಬಂದಿರಿ. ಸುತ್ತಲಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು, ಕೂಗಿದರು. ನಾನು ಮಾತ್ರ ಕೂತೇ ಇದ್ದೆ. ಹೊಗೆಯೊಳಗಿಂದ ಬಂದವರ ಲೆಕ್ಕ ನನಗೆ ಬೇರೆ ತರಹ ಗೊತ್ತಿರುವುದು, ಹೋದವರೆಷ್ಟು, ಮರಳಿದವರೆಷ್ಟು ಎಂದು. ವಾಪಸ್ ಕಾರಿಗೆ ಹೋಗೋಣ ಎನ್ನಿಸಿದ್ದು ನಿಜ, ಎದ್ದು ಎರಡು ಮೆಟ್ಟಿಲು ಇಳಿದದ್ದೂ ನಿಜ. ಅಷ್ಟರಲ್ಲಿ ಮನೆಯವರು ಮೈದಾನಕ್ಕೆ ಇಳಿಯಬಹುದು ಎಂದರು. ಜನ ನುಗ್ಗಿದ ಕಡೆಗೇ ನಾನೂ ಹೋದೆ.

ಹಳೆಯ ಮಸುಕು ಫೋಟೋ ಕೊಟ್ಟರೆ ಸಿಪಾಯಿಯ ಕೋಟಿನ ಗುಂಡಿ ನೋಡಿ ಅವನ ರಾಜ್ಯ ಹೇಳುವವನು ನಾನು. ಅಲ್ಲಿ ನನಗೆ ಯಾರೂ ಗೊತ್ತಾಗಲಿಲ್ಲ. ಒಂದೇ ಉಡುಪು, ಒಂದೇ ಟೋಪಿ, ಒಂದೇ ಬಿಸಿಲಿಗೆ ಕಂದಿದ ಮುಖಗಳು, ಯಾರೂ ಕಣ್ಣು ಮಿಟುಕಿಸುತ್ತಿಲ್ಲ. ನಾನು ಹುಡುಕಿದ್ದು ಉದ್ದ ಜಡೆಯ, ತುಂಬುಗೆನ್ನೆಯ ಹುಡುಗಿಯನ್ನು. ಒಂದು ಸಾಲು ಮುಗಿಸಿದೆ, ಮತ್ತೊಂದು, ಮತ್ತೆ ಮೊದಲಿನಿಂದ. ಅಕ್ಕಪಕ್ಕದಲ್ಲಿ ಜನ ಮಕ್ಕಳನ್ನು ತಬ್ಬಿ ಎತ್ತಿಕೊಂಡು ಅಳುತ್ತಿದ್ದರು. ಸಾಲುಗಳು ಖಾಲಿಯಾಗುತ್ತಾ ಬಂದವು. ಸಂಗೀತ ನಿಂತಿತು. ಇಲ್ಲಿ ಇಲ್ಲವೇನೋ, ಏನೋ ಆಗಿದೆ, ನನಗೆ ಹೇಳಿಲ್ಲ ಎಂದು ಹೆದರಿಬಿಟ್ಟೆ.

ಯುದ್ಧ ಮುಗಿದ ಬಯಲುಗಳಿಗೆ ಅಪ್ಪಂದಿರು ಬರುತ್ತಿದ್ದರು, ಗಗನಾ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಚಿಕ್ಕವಳು ಎಂದು ಬಿಟ್ಟಿದ್ದೆ. ಪೇಪರಿನಲ್ಲಿ ಹೆಸರು ನೋಡಿ, ಅಥವಾ ಎಲ್ಲೂ ಹೆಸರು ಕಾಣದೆ, ರೈಲು ಹಿಡಿದು, ಬಾಡಿಗೆ ಗಾಡಿ ಹಿಡಿದು ಬರುತ್ತಿದ್ದರು. ಬಯಲಿನಲ್ಲಿ ಅಡ್ಡಾಡಿ, ಮುಖಗಳನ್ನು ನೋಡಿ ಗುರುತು ಹತ್ತದೆ, ಕೊನೆಗೆ ನಡುವೆ ನಿಂತು ಮಗನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಅದನ್ನು ಓದಿ ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ನಾನೂ ಕೂಗಿದೆ. ಮಾನ ಮರ್ಯಾದೆ ಎಲ್ಲ ಬಿಟ್ಟು, ಸಂತೆಯಲ್ಲಿ ಮಗು ಕಳೆದುಕೊಂಡವನ ಹಾಗೆ ಕೂಗಿದೆ. "ಗಗನಾ! ಎಲ್ಲಿದ್ದೀಯಮ್ಮಾ?" ಎಲ್ಲರೂ ತಿರುಗಿ ನೋಡಿದರು. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೂಗಿದೆ, ದನಿ ಒಡೆಯಿತು.

ಆಗ ನಾನು ಎರಡು ಸಲ ದಾಟಿಹೋಗಿದ್ದ ಜಾಗದಿಂದ, ತುಟಿ ಅಲ್ಲಾಡಿಸದೆ, ನಿಯಮ ಮುರಿದು ಒಬ್ಬಳು ಅಂದಳು, "ಇಲ್ಲೇ ಇದ್ದೀನಪ್ಪಾ."

ಭುಜ ಮುಟ್ಟಿದೆ. ನಿನ್ನ ಡ್ರಿಲ್ ಸಾರ್ಜೆಂಟ್ ಮುಖ ತಿರುಗಿಸಿಕೊಂಡು ಆಕಾಶ ನೋಡುತ್ತಿದ್ದರು. ನಾನು ಯಾಕೆ ಅಷ್ಟೊಂದು ಅತ್ತೆ, ಯಾಕೆ ಎಷ್ಟು ಹೊತ್ತಾದರೂ ನಿನ್ನ ಕೈ ಬಿಡಲಿಲ್ಲ ಎಂದು ನಿನಗೆ ಆಶ್ಚರ್ಯವಾಗಿರಬಹುದು. ನಾನು ಓದಿದ ಅಷ್ಟು ಪುಸ್ತಕಗಳಲ್ಲಿ, ಅಷ್ಟು ಅಪ್ಪಂದಿರ ಕೂಗಿಗೆ, ಒಬ್ಬರೂ ಓಗೊಟ್ಟಿರಲಿಲ್ಲ ಮಗಳೇ.

ನಿನ್ನ ಅಪ್ಪ